ಕಾಳಿಯಿಂದ ಕಿವಿಯವರೆಗೆ: ಸಾಕುಪ್ರಾಣಿಗಳ ನಾಮಕರಣ

ಕೊಟ್ಟಿಗೆಹಾರದಿಂದ ಕಳಸದತ್ತ ಸಾಗುವ ದಾರಿಯಲ್ಲಿರುವ ಬಾಳೂರಿನ ಸೀಮೆ ಕಾಫಿತೋಟಗಳ ನಡುವೆ ಚದುರಿದ ಒಂಟಿಮನೆಗಳ ಸೀಮೆ. ಇಂತಹ ನೆಲದಲ್ಲಿ ನಾಯಿಯ ಅಥವಾ ಹಸುವಿನ ಹೆಸರು ಮೊದಲಿಗೆ ಒಂದು ಕೂಗು. ತೋಟದ ಆಚೆ ಬದಿಯಲ್ಲಿರುವ ಪ್ರಾಣಿಗೆ ಅದು ಕೇಳಿಸಬೇಕು. ಎರಡು ಮೂರು ಅಕ್ಷರಗಳಲ್ಲಿ ಮುಗಿದು, ಕೊನೆಯ ಸ್ವರವನ್ನು ಎಳೆಯಲು ಅನುವಾಗುವ ಹೆಸರುಗಳೇ ಹೆಚ್ಚು ಬಳಕೆಗೆ ಬಂದುದಕ್ಕೆ ಇದು ಒಂದು ಕಾರಣ. ಆದರೆ ಕೂಗುವ ಅನುಕೂಲವೊಂದರಿಂದಲೇ ಹೆಸರಿನ ಆಯ್ಕೆ ಮುಗಿಯುವುದಿಲ್ಲ. ಪ್ರಾಣಿಯಿಂದ ಮನೆಯು ಏನನ್ನು ನಿರೀಕ್ಷಿಸುತ್ತದೆ, ತನ್ನ ಬಳಗದಲ್ಲಿ ಅದಕ್ಕೆ ಯಾವ ಸ್ಥಾನ ಕೊಡುತ್ತದೆ ಎಂಬುದನ್ನು ಆ ಹೆಸರು ಹೇಳುತ್ತದೆ. ಕನ್ನಡದ ಶಾಸನ, ಕಾವ್ಯ, ಕಾದಂಬರಿಗಳಲ್ಲಿ ಇದಕ್ಕೆ ಸಾವಿರ ವರ್ಷಗಳಿಗೂ ಮಿಕ್ಕಿದ ಸಾಕ್ಷ್ಯವಿದೆ.

ಇವುಗಳಲ್ಲಿ ಪ್ರಸಿದ್ಧವಾದುದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಶಕ 872ರ, ಅಂದರೆ ಕ್ರಿ.ಶ. 949-50ರ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಮಾಡಿದ ಯುದ್ಧವನ್ನು ಇದು ದಾಖಲಿಸುತ್ತದೆ. ಗಂಗ ಬೂತುಗನ ಕಡೆಯ ವೀರ ಮಣಲೇರನು ಆ ಯುದ್ಧದಲ್ಲಿ ಮೆರೆದಾಗ, ಬೇಕಾದುದನ್ನು ಬೇಡಿಕೊಳ್ಳುವ ಅವಕಾಶ ಅವನಿಗೆ ದೊರೆಯಿತು. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಅದಕ್ಕಾಗಿ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನೆಡಲಾಯಿತು, ಭೂಮಿಯನ್ನೂ ಬಿಡಲಾಯಿತು. ಸ್ಥಾನದ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆಂಬ ಕಟ್ಟಳೆಯೂ ಶಾಸನದಲ್ಲಿದೆ.

ಕಾಳಿ ಎಂಬ ಹೆಸರು ಬಣ್ಣವನ್ನೂ ಸೂಚಿಸಬಲ್ಲದು, ಉಗ್ರದೇವತೆಯನ್ನೂ ಸೂಚಿಸಬಲ್ಲದು. ಬೇಟೆನಾಯಿಗೆ ಎರಡೂ ಹೊಂದುತ್ತವೆ. ಮೈಬಣ್ಣದಿಂದ ನಾಯಿಗೆ ಹೆಸರು ಬರುವ ಪದ್ಧತಿ ವೇದಕಾಲದಷ್ಟು ಹಳೆಯದು. ಯಮನ ಎರಡು ನಾಯಿಗಳಾದ ಶ್ಯಾಮ, ಶಬಲ ಎಂಬವು ಕಪ್ಪು ಮತ್ತು ಮಚ್ಚೆಬಣ್ಣದ ಹೆಸರುಗಳೇ. ಪಲ್ಲವ ಮಹೇಂದ್ರವರ್ಮನ ಕಾಲದ ತಮಿಳಿನ ಎಡುತ್ತನೂರು ವೀರಗಲ್ಲಿನಲ್ಲಿಯೂ ಕಳ್ಳರನ್ನು ಕಚ್ಚಿ ಒಡೆಯನ ಬಳಿ ನಿಂತ ನಾಯಿಯ ಹೆಸರು ಕೋವಿವನ್ ಎಂದು ಉಳಿದಿದೆ. ಸಾವನ್ನು ಸ್ಮರಿಸಬೇಕಾದರೆ ಹೆಸರು ಬೇಕು ಎಂಬುದನ್ನು ಈ ಕಲ್ಲುಗಳು ಬಲ್ಲವು.

ಹಟ್ಟಿಯ ನಾಮಕರಣದ ದಾರಿ ಬೇರೆ. ಗೋವಿನ ಹಾಡಿನ ಗೊಲ್ಲ ಕಾಳಿಂಗನು ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ. ಗಂಗೆ, ಗೌರಿ, ತುಂಗಭದ್ರೆ ಎಂಬ ಆ ಹೆಸರುಗಳು ನದಿಗಳವು, ದೇವಿಯರವು. ನಾಯಿಗೆ ಉಗ್ರತೆಯ ಹೆಸರಾದರೆ ಹಸುವಿಗೆ ಹಾಲಿನ, ಹರಿವಿನ, ತಾಯ್ತನದ ಹೆಸರು. ಪುಣ್ಯಕೋಟಿ ಹುಲಿಗೆ ಮಾತು ಕೊಟ್ಟು, ಆ ಮಾತಿಗೆ ತಪ್ಪದೆ ಮರಳುವುದು ಈ ಕಥೆಯ ಜೀವಾಳ. ಹಿಂಡಿನ ಹೆಸರಿಲ್ಲದ ಒಂದು ದನ ಮಾತು ಕೊಟ್ಟಿತೆಂದರೆ ಕಥೆ ನಿಲ್ಲುವುದಿಲ್ಲ. ಹೆಸರು ಆ ಹಸುವನ್ನು ನೀತಿಯ ಲೋಕಕ್ಕೆ ತರುತ್ತದೆ.

ಇದಕ್ಕೆ ತಿರುವುಮುರುವಾದ ಸಂಗತಿಯನ್ನು ಜನ್ನನ ಯಶೋಧರ ಚರಿತೆ (1209) ಮುಂದಿಡುತ್ತದೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಯಶೋಧರನೂ ಅವನ ತಾಯಿ ಚಂದ್ರಮತಿಯೂ ನವಿಲಾಗಿ, ನಾಯಾಗಿ ಹುಟ್ಟಿ, ಯಶೋಧರನ ಮಗ ಯಶೋಮತಿಯ ಅರಮನೆಯನ್ನೇ ಸೇರುತ್ತಾರೆ. ಮಗನ ಪಾಲಿಗೆ ಅವು ಕೇವಲ ನವಿಲು, ನಾಯಿ. ಅವುಗಳ ನಿಜವಾದ ಹೆಸರು ಓದುಗನಿಗೆ ಗೊತ್ತು, ಸಾಕುವವನಿಗೆ ಗೊತ್ತಿಲ್ಲ. ಸಾಕುವವನು ಇಡುವ ಹೆಸರು ಜೀವದ ಒಂದು ಭವವನ್ನು ಮಾತ್ರ ಮುಟ್ಟುತ್ತದೆ ಎಂಬ ಜೈನ ದೃಷ್ಟಿ ಇಲ್ಲಿ ಕಥೆಯ ನೋವಾಗಿಯೇ ಬಂದಿದೆ.

ಮಲೆನಾಡಿನ ನಾಮಕರಣದ ಸಾಮಾಜಿಕ ಮುಖ ಕಾಣಬೇಕಾದರೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಗೆ ಬರಬೇಕು. ಅಲ್ಲಿ ಸಿಂಬಾವಿಯ ಹೊಲೆಯರ ಆಳು ಗುತ್ತಿ; ಅವನ ನಾಯಿ ಹುಲಿಯ. ಒಡೆಯರ ಬಾಯಲ್ಲಿ ಆಳುಮಕ್ಕಳ ಹೆಸರುಗಳು ಗುತ್ತಿ, ತಿಮ್ಮಿ, ಐತ ಎಂದು ಮೊಟಕಾಗಿ ನಿಂತಿರುವ ಲೋಕದಲ್ಲಿ ಆಳಿನ ನಾಯಿ ಕಾಡಿನ ದೊರೆಯ ಹೆಸರನ್ನು ಹೊತ್ತಿದೆ. ತನಗೆ ಸಲ್ಲದ ಘನತೆಯನ್ನು ಗುತ್ತಿ ತನ್ನ ನಾಯಿಗೆ ಸಲ್ಲಿಸಿದಂತಿದೆ. ಊರಾದರೋ ಅದೇ ನಂಟನ್ನು ಹಿಡಿದು ಅವನನ್ನು ‘ನಾಯಿಗುತ್ತಿ’ ಎನ್ನುತ್ತದೆ. ನಾಯಿಗೆ ಹುಲಿಯ ಹೆಸರು, ಮನುಷ್ಯನಿಗೆ ನಾಯಿಯ ಹೆಸರು: ಯಾರು ಯಾರಿಗೆ ಹೆಸರಿಡುವ ಹಕ್ಕು ಪಡೆದಿದ್ದರು ಎಂಬುದು ಇಷ್ಟರಲ್ಲೇ ತಿಳಿಯುತ್ತದೆ. ಕೊನೆಗೆ ತುಂಬಿ ಹರಿಯುವ ತುಂಗೆ ಹುಲಿಯನನ್ನು ಕೊಂಡೊಯ್ದಾಗ ಓದುಗ ಕಳೆದುಕೊಳ್ಳುವುದು ಕಾದಂಬರಿಯ ಒಂದು ಪಾತ್ರವನ್ನೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿಯನ್ನರ ಕಾಫಿತೋಟಗಳು ಈ ಬೆಟ್ಟಗಳಿಗೆ ಬಂದವು. ಇಂಗ್ಲಿಷ್ ಆಳ್ವಿಕೆಯ ಕಾಲದಿಂದ ಕನ್ನಡನಾಡಿನ ಮನೆಗಳಲ್ಲಿ ಟಾಮಿ, ಜಿಮ್ಮಿ, ಟೈಗರ್ ಎಂಬ ಹೆಸರುಗಳು ನೆಲೆಯೂರಿದವು. ದೊರೆಯ ಭಾಷೆಯ ಹೆಸರು ನಾಯಿಗೆ ಅಂತಸ್ತು ತಂದಿತು. ಅದೇ ಹೆಸರನ್ನು ಅಂಗಳದಲ್ಲಿ ನಿಂತು ಗದರಿ ಕರೆಯುವುದರಲ್ಲಿ ಒಂದಿಷ್ಟು ಸೇಡಿನ ಸುಖವೂ ಇದ್ದಿರಬಹುದು. ಆದರೂ ಟೈಗರ್ ಎಂದರೆ ಹುಲಿಯನೇ. ಭಾಷೆ ಬದಲಾದರೂ ಕಾವಲಿನ ನಿರೀಕ್ಷೆ ಬದಲಾಗಲಿಲ್ಲ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, ‘ಪರಿಸರದ ಕತೆ’ಗಳಲ್ಲಿ ಬರುವ ನಾಯಿಯ ಹೆಸರು ಕಿವಿ. ಅದರಲ್ಲಿ ದೇವತೆಯಿಲ್ಲ, ಹುಲಿಯಿಲ್ಲ, ಆಂಗ್ಲ ದೊರೆಯೂ ಇಲ್ಲ. ಕನ್ನಡ ಕಿವಿಗೆ ಅದು ತನ್ನದೇ ಅಂಗವೊಂದರ ಹೆಸರಾಗಿ ಕೇಳಿಸುತ್ತದೆ. ನಾಯಿ ಇಲ್ಲಿ ಕಾಡಿಗೆ ಜೊತೆಯಾಗುವ ಗೆಳೆಯ.

ಕಾಳಿಯ ಹೆಸರು ಉಳಿದದ್ದು ಕಲ್ಲಿನಿಂದ. ಹುಲಿಯ, ಕಿವಿ ಉಳಿದದ್ದು ಪುಸ್ತಕದಿಂದ. ಬಾಳೂರಿನಂತಹ ಊರುಗಳ ಕೊಟ್ಟಿಗೆಯ ಹೆಸರುಗಳಿಗೆ ಇವೆರಡೂ ಇಲ್ಲ. ಅವು ಇರುವುದು ಹಾಲು ಕರೆದ, ದನ ಮೇಯಿಸಿದ ಹಿರಿಯರ ನಾಲಿಗೆಯ ಮೇಲೆ. ಸ್ಥಳನಾಮ, ವ್ಯಕ್ತಿನಾಮಗಳ ಅಧ್ಯಯನ ಕನ್ನಡದಲ್ಲಿ ಸಾಕಷ್ಟು ಬೆಳೆದಿದೆ. ಕೊಟ್ಟಿಗೆಗಳು ಬರಿದಾಗುತ್ತಿರುವ ಈ ಹೊತ್ತಿನಲ್ಲಿ ಪ್ರಾಣಿನಾಮಗಳ ಸಂಗ್ರಹಕ್ಕೆ ಸಂಶೋಧಕರು ಮೊದಲು ಕೂರಬೇಕಾದದ್ದು ಆ ಹಿರಿಯರ ಜಗಲಿಯಲ್ಲಿ.