ಸೈಟ್ ಬಿದ್ದಾಗ ಮೊದಲು ನೋಡಬೇಕಾದ್ದು: ಹಳೆಯ ಸರ್ವರ್‌ನ ನಾಡಿ ಹಿಡಿಯುವುದು ಹೇಗೆ?

ಆರ್‌ಟಿಐ ಹಾಕಿ ಪಡೆದ ದಾಖಲೆಗಳನ್ನ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗೋ ಹಾಗೆ ಇಡೋಣ ಅಂತ ನಾವು ಐದಾರು ಜನ ಸೇರಿ ಒಂದು ಸೈಟ್ ನಡೆಸುತ್ತಿದ್ದೆವು. ಪುಟಕ್ಕೆ 2 ರೂಪಾಯಿ ಕೊಟ್ಟು ತಂದ ಕಾಗದಗಳವು. ಸರ್ವರ್ ಅಂದ್ರೆ ಯಾರೋ ಬಿಟ್ಟುಕೊಟ್ಟ ಹಳೇ ಯಂತ್ರ: 2 ಜಿಬಿ ರ್‍ಯಾಮ್, ಎರಡು ಕೋರ್, 160 ಜಿಬಿ ಡಿಸ್ಕ್, ಮೇಲೆ ಸೆಂಟ್‌ಓಎಸ್ 6. ಗುಂಪಿನಲ್ಲಿ ಕಂಪ್ಯೂಟರ್ ಬಲ್ಲವನು ಅನ್ನಿಸಿಕೊಂಡಿದ್ದವನು ನಾನು. ನನಗೆ ಗೊತ್ತಿದ್ದದ್ದು ಲಾಗಿನ್ ಆಗೋದು ಮಾತ್ರ.

ಒಂದು ಬೆಳಿಗ್ಗೆ ಸೈಟ್ ಹೊಸ ಕಡತ ತಗೊಳ್ಳಲಿಲ್ಲ. ಹಳೆಯ ಪುಟಗಳು ತೆವಳುತ್ತಾ ತೆರೆಯುತ್ತಿದ್ದವು. ಹತ್ತು ನಿಮಿಷದಲ್ಲಿ ವಾಟ್ಸಾಪ್ ಗುಂಪು ತೀರ್ಪು ಕೊಟ್ಟಾಗಿತ್ತು: "ಬ್ಲಾಕ್ ಮಾಡಿಸಿದ್ದಾರೆ." ಅನುಮಾನ ಹುಚ್ಚಲ್ಲ. ಐಟಿ ಕಾಯ್ದೆಯ 69ಎ ಕಲಮಿನಡಿ ಸೈಟ್ ತಡೆಯುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಆದರೆ ಪೋಸ್ಟ್ ಹಾಕೋಕೆ ಮುಂಚೆ ಯಂತ್ರವನ್ನೇ ಒಂದು ಮಾತು ಕೇಳಬೇಕಲ್ವಾ? ಕೇಳೋ ಕ್ರಮ ಇಲ್ಲಿದೆ. ಆಜ್ಞೆಗಳನ್ನ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ.

ಮೊದಲು 'ಅಪ್‌ಟೈಮ್'. ಯಂತ್ರ ಎಷ್ಟು ದಿನದಿಂದ ಎದ್ದಿದೆ ಅನ್ನೋದರ ಜೊತೆ ಕೊನೆಯಲ್ಲಿ ಮೂರು ಅಂಕಿ ಬರುತ್ತವೆ. ಕಳೆದ 1, 5, 15 ನಿಮಿಷಗಳ ಸರಾಸರಿ ಹೊರೆ ಅದು. ಇದನ್ನ ಕೋರ್‌ಗಳ ಸಂಖ್ಯೆಯ ಪಕ್ಕ ಇಟ್ಟು ಓದಬೇಕು. ಕೋರ್ ಎಷ್ಟು ಅಂತ 'ಎನ್‌ಪ್ರಾಕ್' ಹೇಳುತ್ತೆ. ಎರಡು ಕೋರಿಗೆ ಹೊರೆ 2ರ ಆಸುಪಾಸು ಇದ್ದರೆ ಕೈತುಂಬ ಕೆಲಸ, ಅಷ್ಟೆ. ನಮ್ಮದು 7 ದಾಟಿತ್ತು.

ಪ್ರೊಸೆಸರ್ ಸುಸ್ತಾಗಿದೆ ಅಂದುಕೊಂಡೆ. ತಪ್ಪು. ಲಿನಕ್ಸ್ ಈ ಲೆಕ್ಕಕ್ಕೆ ಪ್ರೊಸೆಸರ್‌ಗಾಗಿ ಕಾಯುವವರನ್ನಷ್ಟೇ ಅಲ್ಲ, ಡಿಸ್ಕ್‌ಗಾಗಿ ಕಾಯುವವರನ್ನೂ ಸೇರಿಸುತ್ತೆ. ಆದ್ದರಿಂದ ಮುಂದೆ 'ಟಾಪ್' ಕೊಟ್ಟು, ಮೇಲಿನ ಸಾಲುಗಳಲ್ಲಿ 'ಡಬ್ಲ್ಯೂಎ' ಅನ್ನೋ ಅಂಕಿ ನೋಡಿ. ಪ್ರೊಸೆಸರ್ ಕೈಕಟ್ಟಿ ಕೂತು ಡಿಸ್ಕ್‌ನ ದಾರಿ ಕಾಯ್ತಿರೋ ಪಾಲು ಅದು. ನಮ್ಮಲ್ಲಿ ಅದೇ ಏರಿತ್ತು. ಟಾಪ್ ಒಳಗೆ ದೊಡ್ಡ 'ಎಂ' ಒತ್ತಿದರೆ ಮೆಮೊರಿ ತಿನ್ನುವವರು, ದೊಡ್ಡ 'ಪಿ' ಒತ್ತಿದರೆ ಪ್ರೊಸೆಸರ್ ತಿನ್ನುವವರು ಮೇಲೆ ಬರ್ತಾರೆ. 'ಕ್ಯೂ' ಒತ್ತಿದರೆ ಆಚೆ.

ಹೊಸಬರು ಅತಿ ಹೆಚ್ಚು ಹೆದರೋದು 'ಫ್ರೀ -ಎಂ' ನೋಡಿದಾಗ. ನನ್ನ ಪರದೆಯ ಮೇಲೆ ಒಟ್ಟು 1877 ಎಂಬಿ, ಬಳಕೆ 1790, ಖಾಲಿ ಬರೀ 87. ರ್‍ಯಾಮ್ ಮುಗೀತು ಅಂತ ಎದೆ ಧಸಕ್ಕಂತು. ಖಾಲಿ ಬಿದ್ದಿರೋ ಮೆಮೊರಿಯಲ್ಲಿ ಲಿನಕ್ಸ್ ಡಿಸ್ಕ್‌ನಿಂದ ಓದಿದ್ದನ್ನ ಇಟ್ಟುಕೊಂಡಿರುತ್ತೆ, ಯಾರಾದರೂ ಕೇಳಿದ ತಕ್ಷಣ ಬಿಟ್ಟುಕೊಡುತ್ತೆ. ಹೊಸ ಯಂತ್ರಗಳಲ್ಲಿ 'ಅವೈಲೆಬಲ್' ಅನ್ನೋ ಕಾಲಂ ಇದನ್ನ ನೇರವಾಗಿ ತೋರಿಸುತ್ತೆ. ನಮ್ಮಂಥ ಹಳೆಯದರಲ್ಲಿ ಅದಿಲ್ಲ, ಬದಲಿಗೆ ಬಫರ್ಸ್, ಕ್ಯಾಶ್ ಅಂತ ಬರೆದಿರುವ ಎರಡನೇ ಸಾಲು ಓದಬೇಕು. ಅಲ್ಲಿ ಖಾಲಿ 1285 ಇತ್ತು! ಸ್ವಾಪ್ ಸಾಲಿನಲ್ಲಿ ಸ್ವಲ್ಪ ಬಳಕೆ ಕಂಡರೂ ಗಾಬರಿ ಬೇಡ. 'ವಿಎಂಸ್ಟ್ಯಾಟ್ 1' ಕೊಟ್ಟು 'ಎಸ್‌ಐ', 'ಎಸ್‌ಓ' ಕಾಲಂಗಳು ಒಂದೇ ಸಮನೆ ಓಡ್ತಾ ಇದ್ದರೆ ಮಾತ್ರ ಮೆಮೊರಿ ಸಾಲುತ್ತಿಲ್ಲ ಅಂತ. ಅದರ ಮೊದಲ ಸಾಲು ಬಿಟ್ಟುಬಿಡಿ, ಅದು ಯಂತ್ರ ಆನ್ ಆದಾಗಿನಿಂದಿನ ಸರಾಸರಿ.

ನಮ್ಮ ರೋಗ ಸಿಕ್ಕಿದ್ದು 'ಡಿಎಫ್ -ಎಚ್' ನಲ್ಲಿ. ಡಿಸ್ಕ್ 100 ಪರ್ಸೆಂಟ್ ಭರ್ತಿ. ಎಲ್ಲಿ ತುಂಬಿದೆ ಅಂತ 'ಡಿಯು -ಎಸ್‌ಎಚ್' ಕೊಟ್ಟು ಒಂದೊಂದೇ ಫೋಲ್ಡರ್ ಅಳೆದೆ. ಬ್ಯಾಕಪ್ ಫೋಲ್ಡರ್. ರಾತ್ರಿ ಎಲ್ಲ ದಾಖಲೆಗಳ ನಕಲು ಮಾಡೋ ಸ್ಕ್ರಿಪ್ಟು, ಅದೇ ಡಿಸ್ಕಿಗೆ, ಹಳೆಯದನ್ನ ಅಳಿಸದೆ, ಸೋತರೆ ಮತ್ತೆ ಮೊದಲಿಂದ ಶುರು ಮಾಡ್ತಾ. ಬರೆದವನು ನಾನೇ. ಬೆಳಿಗ್ಗೆ ಒಂಬತ್ತಾದರೂ ಅದು ಓಡ್ತಾನೇ ಇತ್ತು.

ಡಿಸ್ಕ್ ತುಂಬಿದ ಮೇಲೂ ಅದು ಹೇಗೆ ಬರೀತಿತ್ತು? ಸೆಂಟ್‌ಓಎಸ್ 6ರ ಇಎಕ್ಸ್‌ಟಿ4 ಫೈಲ್ ಸಿಸ್ಟಂ 5 ಪರ್ಸೆಂಟ್ ಜಾಗವನ್ನ ರೂಟ್‌ಗೆ ಅಂತ ಮೀಸಲಿಡುತ್ತೆ. ನಮ್ಮ ಡಿಸ್ಕಿನಲ್ಲಿ ಅದು ಏಳೆಂಟು ಜಿಬಿ. ಸೈಟಿಗೆ ಬಾಗಿಲು ಮುಚ್ಚಿತ್ತು, ರೂಟ್ ಹೆಸರಲ್ಲಿ ಓಡುವ ನನ್ನ ಸ್ಕ್ರಿಪ್ಟಿಗೆ ಮಾತ್ರ ತೆರೆದಿತ್ತು.

ಇನ್ನೂ ಒಂದು ಪೆದ್ದತನ ಮಾಡಿದೆ. ಕಣ್ಣಿಗೆ ಬಿದ್ದ ಹೊಸ ಬ್ಯಾಕಪ್ ಅಳಿಸಿದೆ. ಡಿಎಫ್ ಕದಲಲಿಲ್ಲ. ಕಡತ ಅಳಿಸಿದರೂ ಅದನ್ನ ಹಿಡಿದುಕೊಂಡಿರೋ ಪ್ರೋಗ್ರಾಂ ಬಿಡೋವರೆಗೆ ಜಾಗ ವಾಪಸ್ ಬರಲ್ಲ. 'ಎಲ್‌ಎಸ್‌ಓಎಫ್ +ಎಲ್1' ಅಂಥವರ ಪಟ್ಟಿ ಕೊಡುತ್ತೆ (ಎರಡನೇ ಎಲ್ ದೊಡ್ಡಕ್ಷರ). ಮೊದಲು ಸ್ಕ್ರಿಪ್ಟ್, ಆಮೇಲೆ ಅದು ಶುರು ಮಾಡಿದ್ದ 'ಟಾರ್' ನಿಲ್ಲಿಸಿದೆ. ಜಾಗ ಬಂತು, ಹೊರೆ ಇಳೀತು. ಡಿಎಫ್ ಜಾಗ ಇದೆ ಅಂದರೂ ಕಡತ ಹುಟ್ಟದಿದ್ದರೆ 'ಡಿಎಫ್ -ಐ' ನೋಡಿ. ಸಾವಿರಾರು ಚಿಕ್ಕ ಕಡತಗಳಿಂದ ಐನೋಡ್‌ಗಳು ಖಾಲಿಯಾಗಿರಬಹುದು.

ಇವೆಲ್ಲಾ ನೋಡೋ ಆಜ್ಞೆಗಳು, ಏನನ್ನೂ ಕೆಡಿಸಲ್ಲ. ಕೆಡಿಸೋದು ಅಳಿಸುವಾಗ ನಡುಗೋ ಕೈ.

ಗುಂಪಿಗೆ "ಬ್ಲಾಕ್ ಅಲ್ಲ, ನನ್ನ ಬ್ಯಾಕಪ್" ಅಂತ ಬರೆದೆ. ಅಷ್ಟರಲ್ಲಿ ಒಬ್ಬರು ಖಂಡನಾ ಹೇಳಿಕೆಯ ಕರಡು ಸಿದ್ಧ ಮಾಡಿದ್ದರು. ಈಗ ಬ್ಯಾಕಪ್ ಬೇರೆ ಊರಿನ ಗೆಳತಿಯ ಮನೆಯ ಡಿಸ್ಕಿಗೆ ಹೋಗುತ್ತೆ. ಡಿಎಫ್ ಫಲಿತಾಂಶ ಪ್ರತಿದಿನ ನಮ್ಮೆಲ್ಲರ ಮೇಲ್‌ಗೆ ಬರುತ್ತೆ. ಉಳಿದಿರೋದು ಸೆಂಟ್‌ಓಎಸ್ 6. ಅದಕ್ಕೆ 2020ರ ನವೆಂಬರ್ 30ರಿಂದಾಚೆ ಭದ್ರತಾ ಅಪ್‌ಡೇಟ್ ನಿಂತಿದೆ. ಅದನ್ನ ಬದಲಾಯಿಸೋ ಭಾನುವಾರಕ್ಕೆ ಕೈಜೋಡಿಸೋಕೆ ಇಬ್ಬರು ಒಪ್ಪಿದ್ದಾರೆ.