ಒಂದೇ ಪರದೆ, ಆರು ಬಾಗಿಲು

ಲಿನಕ್ಸ್ ಇರುವ ಗಣಕದ ಮುಂದೆ ಕುಳಿತು ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ ನೋಡಿ. ಬಣ್ಣದ ಚಿತ್ರಗಳೆಲ್ಲ ಮಾಯವಾಗಿ, ಕಪ್ಪು ಪರದೆಯ ಮೇಲೆ 'ಲಾಗಿನ್' ಎಂಬ ಪದವೊಂದೇ ಮೂಡುತ್ತದೆ. ಎಫ್4 ಒತ್ತಿದರೆ ಅಂಥದೇ ಇನ್ನೊಂದು ಪರದೆ. ಇವೇ ವರ್ಚುವಲ್ ಕನ್ಸೋಲ್‌ಗಳು. ಇರುವ ಒಂದೇ ಪರದೆ, ಕೀಲಿಮಣೆಗಳನ್ನು ಹಲವೆಂಬಂತೆ ಬಳಸುವ ಏರ್ಪಾಡು ಇದು.

ಲಿನಕ್ಸ್ ಇವುಗಳನ್ನು 'ಟಿಟಿವೈ1', 'ಟಿಟಿವೈ2' ಎಂದು ಕರೆಯುತ್ತದೆ. ಈ ಹೆಸರಿನಲ್ಲೇ ಇವುಗಳ ಚರಿತ್ರೆ ಅಡಗಿದೆ. ಟಿಟಿವೈ ಎಂದರೆ ಟೆಲಿಟೈಪ್. ತಂತಿಯಲ್ಲಿ ಬಂದ ಅಕ್ಷರಗಳನ್ನು ಕಾಗದದ ಮೇಲೆ ಮುದ್ರಿಸುತ್ತಿದ್ದ ಯಂತ್ರ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯೂನಿಕ್ಸ್, ತನ್ನ ಮೊದಲ ವರ್ಷಗಳಲ್ಲಿ ಸೆಕೆಂಡಿಗೆ ಕೇವಲ 10 ಅಕ್ಷರ ಮುದ್ರಿಸುವ ಇಂಥ ಯಂತ್ರಗಳ ಮೂಲಕವೇ ಮಾತನಾಡುತ್ತಿತ್ತು. ದುಬಾರಿ ಗಣಕ ಒಂದು. ಅದಕ್ಕೆ ಜೋಡಿಸಿದ ಟರ್ಮಿನಲ್ ಹಲವು. ಮುಂದೆ ಕಾಗದದ ಜಾಗಕ್ಕೆ ಗಾಜಿನ ಪರದೆ ಬಂತು. 1978ರ ವಿಟಿ100 ಎಂಬ ಟರ್ಮಿನಲ್ ಸಾಲಿಗೆ 80ರಂತೆ 24 ಸಾಲು ತೋರಿಸುತ್ತಿತ್ತು. ಅದರ ಸಂಕೇತಗಳನ್ನು ಲಿನಕ್ಸ್ ಕನ್ಸೋಲ್ ಇಂದಿಗೂ ಅರ್ಥಮಾಡಿಕೊಳ್ಳುತ್ತದೆ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ 386 ಪಿಸಿಗೆ ಬರೆಯತೊಡಗಿದ್ದು ಒಂದು ಟರ್ಮಿನಲ್ ತಂತ್ರಾಂಶವನ್ನೇ. ಅದು ಬೆಳೆದು ಲಿನಕ್ಸ್ ಆಯಿತು. ಆದರೆ ಮನೆಯ ಪಿಸಿಗೆ ಪರದೆ ಒಂದೇ. ಹಲವರ ಕೆಲಸ ಏಕಕಾಲಕ್ಕೆ ನಡೆಸಬಲ್ಲ ವ್ಯವಸ್ಥೆಗೆ ಒಂದೇ ಬಾಗಿಲಾದರೆ ಹೇಗೆ? 1992ರಲ್ಲಿ ಲಿನಕ್ಸ್‌ಗೆ ವರ್ಚುವಲ್ ಕನ್ಸೋಲ್ ಬಂತು. ಪ್ರತಿ ಕನ್ಸೋಲ್‌ನ ಅಕ್ಷರಗಳನ್ನೂ ಕರ್ನೆಲ್ ಸ್ಮೃತಿಯಲ್ಲಿ ಬೇರೆಬೇರೆಯಾಗಿ ಇಟ್ಟುಕೊಂಡು, ಕೀಲಿ ಒತ್ತಿದಾಗ ಬೇಕಾದುದನ್ನು ಪರದೆಗೆ ತರುತ್ತದೆ. 'ಗೆಟ್ಟಿ' ಎಂಬ ಪುಟ್ಟ ಪ್ರೋಗ್ರಾಂ ಪ್ರತಿ ಬಾಗಿಲಲ್ಲೂ ನಿಂತು ಬಂದವರ ಹೆಸರು ಕೇಳುತ್ತದೆ. ಎಷ್ಟು ಬಾಗಿಲು ತೆರೆಯಬೇಕೆಂಬುದನ್ನು ಮೊದಲು 'ಇನಿಟ್‌ಟ್ಯಾಬ್' ಎಂಬ ಕಡತದಲ್ಲಿ ಬರೆಯುತ್ತಿದ್ದರು. ಈಗ ಹೆಚ್ಚಿನ ಕಡೆ ಆ ಕೆಲಸ 'ಸಿಸ್ಟಂಡಿ'ಯದು. ರೂಢಿಯಲ್ಲಿ ಆರು ಸಾಕು, 63ರವರೆಗೆ ಅವಕಾಶವಿದೆ.

ಚಿತ್ರಪರದೆ ಕೈಕೊಟ್ಟಾಗ ಗಣಕವನ್ನು ರಿಪೇರಿ ಮಾಡಲು ಉಳಿಯುವ ಹಾದಿ ಬಹಳ ಸಲ ಇದೊಂದೇ. ಈ ಹಾದಿಯಲ್ಲಿ ಕನ್ನಡಕ್ಕೆ ಮಾತ್ರ ಪ್ರವೇಶವಿಲ್ಲ! ಕಾರಣ ಹಳೆಯ ಪಿಸಿಯ ಲೆಕ್ಕಾಚಾರ. ಪರದೆಯ ಒಂದೊಂದು ಚೌಕಕ್ಕೂ ಎರಡು ಬೈಟ್. ಒಂದು ಅಕ್ಷರಕ್ಕೆ, ಇನ್ನೊಂದು ಬಣ್ಣಕ್ಕೆ. ಹೀಗಾಗಿ 256 ಅಕ್ಷರರೂಪಗಳಷ್ಟೇ ಸಾಧ್ಯ. ಬಣ್ಣದ ಪಾಲಿನಿಂದ ಒಂದು ಬಿಟ್ ಕಡ ತಂದರೆ 512. ಇಂಗ್ಲಿಷಿಗೆ ಇದು ಧಾರಾಳ. ಕನ್ನಡದ 'ಸ್ತ್ರೀ' ಯೂನಿಕೋಡ್‌ನಲ್ಲಿ ಆರು ಸಂಕೇತಗಳ ಸಾಲು. ಅವನ್ನು ಬೆಸೆದು ಒತ್ತಕ್ಷರವನ್ನು ಕೆಳಗೆ ಕೂರಿಸಬೇಕು. ಕನ್ಸೋಲ್‌ಗೆ ಈ ಬೆಸುಗೆ ಗೊತ್ತಿಲ್ಲ.

ಇದು ಆಗದ ಕೆಲಸವೇನಲ್ಲ. ಡಾಸ್ ಕಾಲದಲ್ಲಿ ಸಿಡ್ಯಾಕ್ ಸಂಸ್ಥೆಯ 'ಜಿಸ್ಟ್' ಕಾರ್ಡನ್ನು ಪಿಸಿಯೊಳಗೆ ಕೂರಿಸಿದರೆ ಅಕ್ಷರಪರದೆಯಲ್ಲೇ ಕನ್ನಡ ಮೂಡುತ್ತಿತ್ತು. ಇಂದು ಲಿನಕ್ಸ್‌ನ ಕಿಟಕಿಗಳಲ್ಲೂ ಕನ್ನಡ ಸಲೀಸು. ಆದರೆ ಕಿಟಕಿ ಮುಚ್ಚಿದಾಗ ತೆರೆಯುವ ಈ ಆರು ಬಾಗಿಲುಗಳಾಚೆ ಟೆಲಿಟೈಪ್ ಕಾಲದ ಕಟ್ಟುಪಾಡೇ ಇನ್ನೂ ನಡೆದಿದೆ: ಒಂದು ಚೌಕ, ಒಂದು ಅಕ್ಷರ.