ಗಂಟಲಿಗೆ ಜಾತಿ ಕೇಳಿದವರು



ಶಾಸ್ತ್ರೀಯ ಸಂಗೀತಕ್ಕೆ ಬೇಕಾದ ದನಿ ರಕ್ತದಲ್ಲೇ ಬರಬೇಕು, ಮನೆತನದ "ಸಂಸ್ಕಾರ" ಇರಬೇಕು ಅನ್ನೋರು ಈಗಲೂ ಇದಾರೆ. ಅಂಥವರಿಗೆ ಗಂಗೂಬಾಯಿ ಹಾನಗಲ್ ಅವರ ಗಂಟಲಿನ ಚರಿತ್ರೆ ಹೇಳಬೇಕು.

ಹುಟ್ಟಿದ್ದು 1913, ಧಾರವಾಡ. ಜಾತಿಯಿಂದ ಗಂಗಾಮತ, ಅಂದ್ರೆ ದೋಣಿ ನಡೆಸೋ ಅಂಬಿಗರು. ಹಾಡೋ ಹೆಣ್ಣುಮಕ್ಕಳ ಮನೆ. ನಮ್ಮ ಹಾಗೆ ಊರಾಚೆ ಇಟ್ಟವರಲ್ಲ, ಖರೆ. ಆದ್ರೆ ಬ್ರಾಹ್ಮಣರ ಓಣಿಯಲ್ಲಿ ಪಕ್ಕದ ತೋಟದ ಮಾವಿನಕಾಯಿಗೆ ಕೈ ಹಾಕಿ "ಹಾಡೋರ ಮಗಳು" ಅಂತ ಬೈಸಿಕೊಂಡ ಕೂಸು ಅದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಸ್ವಾಗತಗೀತೆ ಹಾಡಿದಾಗ ವಯಸ್ಸು ಹನ್ನೊಂದು. ಆಗ ಆಕೆಯ ದಿಗಿಲೆಲ್ಲ ಊಟದ ಪಂಕ್ತಿಯದು: ಜಾತಿ ನೋಡಿ ತನ್ನನ್ನ ಹೆಂಗೆ ನಡೆಸಿಕೊಳ್ತಾರೋ ಅಂತ.

ಈಗ ದನಿಗೆ ಬರೋಣ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ತಾನಿ ಕೆಡಬಾರದು ಅಂತ ತಾನು ಹಾಡೋದನ್ನೇ ಬಿಟ್ಟಳು. ಇಂಥ ಬೆಲೆಯನ್ನ ಯಾವ "ಸಂಸ್ಕಾರ"ದ ಮನೆ ಕೊಟ್ಟಿದೆಯೋ ಹೇಳಿ. ಮುಂದೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲು, ಸವಾಯಿ ಗಂಧರ್ವರ ಹತ್ತಿರ ಪಾಠ. ಬೀದಿಯಲ್ಲಿ ನಡೆದರೆ ಮೇಲಿಂದ "ಗಾನೇವಾಲಿ" ಅಂತ ಗೇಲಿ. ಒಳಗೆ ಗುರುವಿನ ಎದುರು ಒಂದೇ ಸ್ವರಗುಚ್ಛವನ್ನ ದಿನಗಟ್ಟಲೆ ತಿದ್ದೋದು. ಕಿರಾಣಾ ಘರಾಣೆಯ ಪದ್ಧತಿಯೇ ಹಾಗೆ: ಅವಸರ ಇಲ್ಲ, ಒಂದು ಸ್ವರ ಗಟ್ಟಿಯಾಗಿ ನಿಲ್ಲದೆ ಮುಂದಿನದಕ್ಕೆ ಹೋಗೋ ಹಾಗಿಲ್ಲ.

1930ರ ದಶಕದ ಶುರುವಿನ ಎಚ್‌ಎಂವಿ ತಟ್ಟೆಗಳಲ್ಲಿ ಆಕೆ "ಗಾಂಧಾರಿ". ಅಲ್ಲಿ ಇರೋದು ತೆಳು, ಎತ್ತರದ ದನಿ. ಆಮೇಲೆ ಟಾನ್ಸಿಲ್ ತೊಂದರೆ ಬಂತು, ಚಿಕಿತ್ಸೆ ಆಯಿತು, ದನಿ ಗಂಡಸಿನದಷ್ಟು ಇಳಿಯಿತು. ಹೆಣ್ಣಿನ ದನಿ ಕೋಗಿಲೆ ಥರವೇ ಇರಬೇಕು ಅನ್ನೋ ಕಾಲ ಅದು. ಆಕೆ ಹೋದ ದನಿಯನ್ನ ಹುಡುಕುತ್ತಾ ಕೂರಲಿಲ್ಲ. ಉಳಿದ ದನಿಯ ಮೇಲೆ ಕೆಲಸ ಮಾಡಿದರು. ತೊಂಬತ್ತು ದಾಟಿದರೂ ಆ ದನಿ ಕೈಬಿಡಲಿಲ್ಲ. ಪಕ್ಕದಲ್ಲಿ ಮಗಳು ಕೃಷ್ಣಾ ಜೊತೆಗೂಡಿ ಹಾಡೋರು. ಅಮ್ಮನ ಗಂಟಲಿಗೆ ಉಸಿರು ತಿರುಗಿಸಿಕೊಳ್ಳೋ ಜಾಗ ಅದು.

ಇದೇ ಲೆಕ್ಕ ನಮ್ಮ ಮೆಟ್ರಿ ಕಡೆಯವರಿಗೆ ಹೊಸದಲ್ಲ. ದರೋಜಿಯ ಬುರ್ರಕಥಾ ಈರಮ್ಮ, ಪರಿಶಿಷ್ಟ ಜಾತಿಯ ಬುಡ್ಗ ಜಂಗಮ ಹೆಣ್ಣುಮಗಳು. ಅಕ್ಷರ ಬಾರದ ಆಕೆಗೆ ಹನ್ನೆರಡು ಕಾವ್ಯ ಬಾಯಲ್ಲಿ. ಬುರ್ರಕಥೆಯಲ್ಲಿ ಮೇಳದವರು ಪಲ್ಲವಿ ಎತ್ತಿಕೊಂಡಾಗ ಮುಖ್ಯ ಹಾಡುಗಾರ್ತಿಯ ಗಂಟಲು ದಣಿವಾರಿಸಿಕೊಳ್ಳುತ್ತೆ. ಅಲ್ಲಿ ಕೃಷ್ಣಾ, ಇಲ್ಲಿ ಮೇಳ. ಒಂದಕ್ಕೆ ಕಂಠ ಸಾಧನೆ ಅಂತ ಹೆಸರಿದೆ, ಇನ್ನೊಂದನ್ನ "ಹುಟ್ಟಾ ಬಂದಿದ್ದು" ಅಂದು ಮುಗಿಸಿಬಿಡ್ತಾರೆ. ಹಂಪಿ ಕನ್ನಡ ವಿಶ್ವವಿದ್ಯಾಲಯ ಈರಮ್ಮನಿಗೆ ನಾಡೋಜ ಕೊಟ್ಟಿತು, ಸಂತೋಷ. 2014ರ ಆಗಸ್ಟ್‌ನಲ್ಲಿ ಆಕೆ ತೀರಿಕೊಂಡರು.

ಮೈಸೂರಿನಲ್ಲಿ ಗಂಗೂಬಾಯಿ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇದೆ. ಅಲ್ಲಿ ಓದ್ತಾ ಇರೋ ನಮ್ಮ ಹುಡುಗ ಹುಡುಗೀರು ಈ ಪೋಸ್ಟ್ ನೋಡ್ತಿದ್ರೆ ತಿಳಿಸಿ: ರಾತ್ರಿಯೆಲ್ಲ ಹಾಡೋ ಮೇಳದವರು ಉಸಿರು ಹೆಂಗೆ ಕಾಯ್ತಾರೆ ಅನ್ನೋದು ನಿಮ್ಮ ಪಾಠದಲ್ಲಿ ಇದೆಯಾ?